ಕೆರೆಯಂಗಳದ ವಿಮಾನ

ಭಾನುವಾರದ ಬೆಳಗಿನ ಜಾವ ನಾಲ್ಕೂವರೆ ಗಂಟೆಗೆ ಎದ್ದು, ಮನೆಮಂದಿಯ ನಿದ್ದೆ ಕೆಡದಂತೆ ತುದಿಗಾಲಿನಲ್ಲಿ ನಡೆದು, ಕಾರಿನ ಹಿಂದಿನ ಆಸನದ ಮೇಲೆ ಒಂದು ಜೊತೆ ರೆಕ್ಕೆಗಳನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಮಲಗಿಸುವ ಕನ್ನಡ ಅಧ್ಯಾಪಕನನ್ನು ವಾಚಕರು ಕಂಡಿರಲಾರರು. ಕಂಡಿದ್ದರೆ ಅವನ ವಿಷಯದಲ್ಲಿ ಏನೆಂದುಕೊಳ್ಳುತ್ತಿದ್ದರೋ ನಾನು ಬಲ್ಲೆ. ಏಕೆಂದರೆ ನಮ್ಮ ಎದುರುಮನೆಯವರು ಅದನ್ನೇ ಅಂದುಕೊಂಡರು. ಛಂದಸ್ಸು, ವ್ಯಾಕರಣ, ಹಳಗನ್ನಡ ಕಾವ್ಯಗಳ ಸಹವಾಸದಲ್ಲಿ ಮೂವತ್ತಾರನೆಯ ವಯಸ್ಸಿನವರೆಗೆ ನೆಲದ ಮೇಲೆಯೇ ಸುಖವಾಗಿದ್ದ ನಾನು, 2024ರ ಜನವರಿಯಿಂದ ಯುಗಾದಿಯವರೆಗೆ ಪ್ರತಿ ಭಾನುವಾರವೂ ಕೋಲಾರದ ಕಡೆಯ ಒಂದು ಒಣಗಿದ ಕೆರೆಗೆ ಹೋಗಿ, ರೇಡಿಯೋ ಅಲೆಗಳ ಆಜ್ಞೆಯಂತೆ ನಡೆಯುವ ಪುಟ್ಟ ವಿಮಾನವೊಂದನ್ನು ಮೇಲೇರಿಸುವುದನ್ನೂ ಕೆಳಗಿಳಿಸುವುದನ್ನೂ ಕಲಿತೆ. ಆ ಕೆರೆಯ, ಆ ಕಲಿಕೆಯ ವೃತ್ತಾಂತವೇ ಈ ಲೇಖನ.

ವಿಮಾನ ಹಾರಿಸಲು ಬೆಂಗಳೂರಿನವರು ಕೋಲಾರಕ್ಕೆ ಏಕೆ ಹೋಗಬೇಕು ಎಂದು ಕೇಳುವುದು ನ್ಯಾಯವೇ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದ್ದು ಬೆಂಗಳೂರಿನಲ್ಲಿಯೇ. 1951ರಲ್ಲಿ ಡಾ. ವಿ. ಎಂ. ಘಾಟಗೆಯವರ ಮುಂದಾಳ್ತನದಲ್ಲಿ ನಮ್ಮವರೇ ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ ಮೊದಲು ಹಾರಿದ್ದೂ ಇದೇ ಊರಿನ ಆಕಾಶದಲ್ಲಿ. ಆದರೆ ಆ ಹಿರಿಮೆಯೇ ಆಟದ ವಿಮಾನಗಳಿಗೆ ಕುತ್ತಾಗಿದೆ. ಪೂರ್ವಕ್ಕೆ ಕಾರ್ಖಾನೆಯ ಹಳೆಯ ನಿಲ್ದಾಣ, ಉತ್ತರಕ್ಕೆ ಜಕ್ಕೂರು, ಅದರಾಚೆ ಯಲಹಂಕದ ವಾಯುಸೇನೆಯ ನೆಲೆ, ಅದಕ್ಕೂ ಆಚೆ 2008ರಲ್ಲಿ ತೆರೆದ ದೇವನಹಳ್ಳಿಯ ನಿಲ್ದಾಣ. ದೊಡ್ಡವರು ಓಡಾಡುವ ಹಾದಿಯಲ್ಲಿ ಚಿಕ್ಕವರು ಆಡಬಾರದು. ಇವುಗಳಿಂದ ದೂರ ಉಳಿದ ಬಯಲುಗಳೋ, ನಾವು ನೋಡುತ್ತಿರುವಂತೆಯೇ ಬಡಾವಣೆಗಳಾದವು. 2021ರ ಡ್ರೋನ್ ನಿಯಮಗಳು ಬಂದ ಮೇಲೆ ದೇಶದ ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ವಿಂಗಡಿಸಿದ ನಕ್ಷೆಯೊಂದು ದೊರೆಯುತ್ತದೆ. ಹಸಿರು ವಲಯದಲ್ಲಿ ನಾನೂರು ಅಡಿಯ ಎತ್ತರದೊಳಗೆ ಹಾರಿಸಲು ಮುಂಗಡ ಅನುಮತಿ ಬೇಕಿಲ್ಲ. ನಕ್ಷೆಯ ಹಸಿರನ್ನು ಹುಡುಕುತ್ತ ಹಳೆಯ ಮದರಾಸು ರಸ್ತೆ ಹಿಡಿದು, ಹೊಸಕೋಟೆ ದಾಟಿ, ನರಸಾಪುರ ದಾಟಿ, ಕೋಲಾರದ ಬಂಡೆಬೆಟ್ಟಗಳು ಕಣ್ಣಿಗೆ ಬೀಳುವವರೆಗೆ ನಾವು ಹೋಗಬೇಕಾಯಿತು.

ನೀರಿಲ್ಲದ ಕೆರೆ

ನದಿಯಿಲ್ಲದ ಸೀಮೆ ಅದು. ಹೆಬ್ಬಂಡೆಗಳ ಮೇಲೆ ಬಿದ್ದ ಮಳೆಯ ನೀರನ್ನು ಹನಿಹನಿಯಾಗಿ ಕೂಡಿಸಿ, ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ ಹರಿಯುವಂತೆ ಕಟ್ಟಿಕೊಂಡು, ಹಿರಿಯರು ಅಲ್ಲಿ ಬದುಕಿದರು. ನಾವು ಕಂಡುಕೊಂಡ ಕೆರೆ ಅಂಥ ಸರಪಳಿಯ ಒಂದು ಚಿಕ್ಕ ಕೊಂಡಿ. 2023ರ ಬರಗಾಲ ಅದನ್ನು ಬರಿದು ಮಾಡಿತ್ತು. ಉತ್ತರದಲ್ಲಿ ಬಾಗಿದ ಏರಿ. ಏರಿಯ ನಡುವೆ ತೂಬಿನ ಎರಡು ಕಲ್ಲುಕಂಬಗಳು. ಅವುಗಳ ಬುಡದಲ್ಲಿ ಎಮ್ಮೆಗಳಿಗೆ ಮಾತ್ರ ಸಾಲುವಷ್ಟು ಕೆಸರುನೀರು. ಉಳಿದದ್ದೆಲ್ಲ ಬಿರುಕುಬಿಟ್ಟ ಕಪ್ಪು ನೆಲ, ಅಲ್ಲಲ್ಲಿ ಬಳ್ಳಾರಿ ಜಾಲಿಯ ಪೊದೆ. ಪಶ್ಚಿಮದ ಅಂಚಿನಲ್ಲಿ ಒಂಟಿ ಹುಣಸೆಮರ.

ಮೊದಲ ದಿನ ಊರಿನ ಹಿರಿಯರೊಬ್ಬರು ಏರಿಯ ಮೇಲೆ ನಿಂತು ನಮ್ಮನ್ನು ಬಹಳ ಹೊತ್ತು ನೋಡಿ, ಅನಂತರ ಕೆಳಗಿಳಿದು ಬಂದರು. ಕೆರೆಯನ್ನು ಅಳೆಯಲು ಬಂದ ಸರ್ಕಾರದವರು ನಾವೆಂದು ಅವರ ಎಣಿಕೆ. ವಿಮಾನ ಹಾರಿಸಲು ಬಂದವರೆಂದು ತಿಳಿದಾಗ ಅವರಿಗೆ ಸಮಾಧಾನವೇ ಆಯಿತು.

“ಹಾರಿಸ್ಕೊಳ್ಳಿ ಸ್ವಾಮಿ. ನೀರು ಬರೋ ತನಕ ಕೆರೆ ನಿಮ್ದೇ. ನೀರು ಬಂದ್ಮೇಲೆ ನಮ್ದು” ಎಂದರು.

ಕರಾರು ಚೊಕ್ಕವಾಗಿತ್ತು. ನಾವು ಒಪ್ಪಿದೆವು. ಊರಿನ ಹುಡುಗರ ನೆರವಿನಿಂದ ಕಲ್ಲು ಆರಿಸಿ, ಜಾಲಿಯ ಕೊಂಬೆಗಳನ್ನೇ ಕಸಬರಿಕೆ ಮಾಡಿ ಗುಡಿಸಿ, ಪೂರ್ವ ಪಶ್ಚಿಮವಾಗಿ ಎಂಬತ್ತು ಹೆಜ್ಜೆ ಉದ್ದದ ಓಡುದಾರಿಯೊಂದನ್ನು ಮಾಡಿಕೊಂಡೆವು. ದಿಕ್ಕಿನ ಆಯ್ಕೆಗೆ ಕಾರಣವಿತ್ತು. ಆ ತಿಂಗಳುಗಳಲ್ಲಿ ಅಲ್ಲಿ ಮೂಡಗಾಳಿ. ವಿಮಾನ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿಯೇ. ಎದುರುಗಾಳಿ ರೆಕ್ಕೆಗೆ ವೇಗವನ್ನು ಪುಕ್ಕಟೆಯಾಗಿ ಕೊಡುತ್ತದೆ. ನಾವು ದಾರಿಯ ದಕ್ಷಿಣಕ್ಕೆ ನಿಲ್ಲುತ್ತಿದ್ದೆವು. ಹಾಗೆ ನಿಂತರೆ ಚಳಿಗಾಲದ ಸೂರ್ಯ ಬಲಭುಜದ ಹಿಂದೆ ಉಳಿಯುತ್ತಾನೆ. ಸೂರ್ಯನ ಬೆಳಕಿನೊಳಕ್ಕೆ ಹೊಕ್ಕ ವಿಮಾನ ಕಣ್ಣಿಗೆ ಕಾಣದು. ಕಾಣದ ವಿಮಾನ ಕೈಗೆ ಉಳಿಯದು.

ಮಾವನವರು

“ನಾವು” ಎಂದರೆ ಮೂವರು. ಹಾರಿಸಲು ಬಾರದ ನಾನು. ಹಾರಿಸಲು ಬಲ್ಲ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ. ಹಾರಿಸಲು ಬಲ್ಲವರಾಗಿಯೂ ಇನ್ನು ಹಾರಿಸಲಾರದ ನನ್ನ ಮಾವನವರು.

ಮಾವನವರು ವಿಮಾನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದವರು. ಕಿರಣ್ ತರಬೇತಿ ವಿಮಾನಗಳ ರೆಕ್ಕೆಗಳಿಗೆ ರಿವೆಟ್ ಹೊಡೆದ ಕೈ ಅವರದು. ಹಗಲು ದೊಡ್ಡ ವಿಮಾನಗಳ ಕೆಲಸ, ರಾತ್ರಿ ಮನೆಯ ಅಡಿಗೆಕೋಣೆಯ ಮೇಜಿನ ಮೇಲೆ ಬಾಲ್ಸಾ ಮರದ ಚಿಕ್ಕ ವಿಮಾನಗಳ ಕೆಲಸ. ಯೌವನದಲ್ಲಿ ಅವರು ಹಾರಿಸುತ್ತಿದ್ದುದು ತಂತಿಯ ವಿಮಾನ: ಕೈಯಲ್ಲಿ ಹಿಡಿಕೆ, ಹಿಡಿಕೆಯಿಂದ ಎರಡು ಉಕ್ಕಿನ ತಂತಿ, ತಂತಿಯ ತುದಿಯಲ್ಲಿ ವಿಮಾನ, ನಡುವೆ ನಿಂತು ತಾನೂ ಸುತ್ತುವ ಹಾರಾಟಗಾರ. ಅನಂತರ ರೇಡಿಯೋ ಕೈಗೆ ಬಂದಿತು. ತಂತಿ ಹೋಯಿತು, ತಲೆಸುತ್ತೂ ಹೋಯಿತು ಎಂದು ನಗುತ್ತಿದ್ದರು.

ನಿವೃತ್ತಿಯಾಗಿ ಎಷ್ಟೋ ವರ್ಷಗಳ ಮೇಲೆ ಅವರು ಒಂದು ಹೊಸ ವಿಮಾನಕ್ಕೆ ಕೈಹಾಕಿದರು. ರೆಕ್ಕೆಯ ಹರಹು ಐವತ್ತು ಅಂಗುಲ, ತೂಕ ಎರಡು ಕಿಲೋಗ್ರಾಮಿಗೆ ಸ್ವಲ್ಪ ಕಡಿಮೆ, ನಾಲ್ಕು ಸಿ. ಸಿ.ಯ ಎಂಜಿನ್. ಅರ್ಧ ಕೆಲಸವಾಗುವಷ್ಟರಲ್ಲಿ ಅವರ ಕಣ್ಣಿಗೆ ಕೇಡು ಮುಟ್ಟಿತು. ವಯಸ್ಸಾದವರಲ್ಲಿ ಅಕ್ಷಿಪಟಲದ ನಡುಭಾಗ ಸವೆಯುವ ರೋಗ ಅದು. ಅದರ ಕ್ರೌರ್ಯ ವಿಚಿತ್ರವಾದದ್ದು. ಸುತ್ತಲಿನದೆಲ್ಲ ಕಾಣುತ್ತದೆ, ನೋಡಬೇಕೆಂದು ದೃಷ್ಟಿ ನೆಟ್ಟ ವಸ್ತು ಮಾತ್ರ ಮಾಯವಾಗುತ್ತದೆ. ಮೊಮ್ಮಗಳ ಜಡೆ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಉಳಿದ ಅರ್ಧ ವಿಮಾನವನ್ನು ಅವರು ಬೆರಳುಗಳಿಂದಲೇ ಮುಗಿಸಿದರು. ಉಜ್ಜುಕಾಗದದಿಂದ ರೆಕ್ಕೆಯ ಅಂಚನ್ನು ತೀಡಿ, ಕಣ್ಣುಮುಚ್ಚಿ, ಹೆಬ್ಬೆರಳನ್ನು ಅದರ ಉದ್ದಕ್ಕೂ ಎಳೆದು, ಇಲ್ಲಿ ಒಂದು ಕೂದಲೆಳೆಯಷ್ಟು ಉಬ್ಬಿದೆ ಎನ್ನುತ್ತಿದ್ದರು. ನನ್ನ ಕಣ್ಣಿಗೆ ಆ ಉಬ್ಬು ಎಂದೂ ಕಾಣಲಿಲ್ಲ.

ವಿಮಾನ ಮುಗಿಯಿತು; ಬೀರುವಿನ ಮೇಲೆ ಕುಳಿತಿತು. ಇನ್ನೊಬ್ಬರ ಕೈಗೆ ಕೊಡಿ, ಹಾರಿಸಲಿ ಎಂದರೆ ಒಪ್ಪಲೊಲ್ಲರು. ಒಂದು ದಿನ ನನ್ನ ಹೆಂಡತಿ ಧೂಳು ಒರೆಸುತ್ತ, “ಅಪ್ಪ, ಇದನ್ನು ಗೊಂಬೆಗಳ ಜೊತೆ ಇಟ್ಟುಬಿಡಲೇ?” ಎಂದು ಕೇಳಿದಳು. ಅವಳಿಗೆ ಬೇರೆ ಅರ್ಥವಿರಲಿಲ್ಲ. ಆದರೆ ಮಾವನವರು ಆ ದಿನ ಊಟಕ್ಕೆ ಏಳಲಿಲ್ಲ. ಸಂಜೆ ನನ್ನನ್ನು ಕರೆದು, “ಮೇಷ್ಟ್ರೇ, ನೀವು ಕಲಿತರೆ ಕೊಡುತ್ತೇನೆ” ಎಂದರು. ಅಂಥ ಇನ್ನೊಂದು ವಿಮಾನವನ್ನು ಅವರು ಮಾಡಲಾರರೆಂಬುದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಬೈಸಿಕಲ್ ಕಲಿಯಲು ಎರಡು ವರ್ಷ ತೆಗೆದುಕೊಂಡ ಅಳಿಯ ನಾನೆಂಬುದೂ ಅವರಿಗೆ ಗೊತ್ತಿತ್ತು. ಆದರೂ ಕೇಳಿದರು.

ಹಳೆಯ ಹುಚ್ಚು

ದಾರಿಯುದ್ದಕ್ಕೂ ಮಾವನವರು ಹೇಳುತ್ತಿದ್ದ ಕಥೆಗಳಿಂದ ನನಗೊಂದು ವಿಷಯ ಮನದಟ್ಟಾಯಿತು: ಈ ಹುಚ್ಚು ಇಂದಿನದಲ್ಲ. ರೈಟ್ ಸಹೋದರರಿಗೆ ಮೂರು ದಶಕ ಮೊದಲೇ, 1871ರಲ್ಲಿ, ಆಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣ ತಿರುಚಿದ ರಬ್ಬರಿನ ಬಲದಿಂದ ಓಡುವ ಚಿಕ್ಕ ವಿಮಾನವನ್ನು ಪ್ಯಾರಿಸ್ಸಿನ ಉದ್ಯಾನದಲ್ಲಿ ಹನ್ನೊಂದು ಸೆಕೆಂಡು ಹಾರಿಸಿ ತೋರಿಸಿದ. 1937ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದ ಗುಡ್ ಎಂಬ ಅವಳಿ ಸಹೋದರರು ತಮ್ಮ “ಗಫ್” ವಿಮಾನವನ್ನು ರೇಡಿಯೋದಿಂದ ನಡೆಸಿದರು. ವಾಲ್ಟರನಿಗೆ ವಿಮಾನದ ಗೀಳು, ವಿಲಿಯಮನಿಗೆ ರೇಡಿಯೋದ ಗೀಳು. ಎರಡು ಗೀಳು ಒಂದೇ ಮನೆಯಲ್ಲಿ ಹುಟ್ಟಿದ್ದರಿಂದ ಲೋಕಕ್ಕೆ ಒಂದು ಹೊಸ ಆಟ ಸಿಕ್ಕಿತು. ಆ ವಿಮಾನ ಇಂದು ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಆದರೆ ಮಾವನವರ ನಿಜವಾದ ದೈವ ಮೇನಾರ್ಡ್ ಹಿಲ್. ಆತ ಕಟ್ಟಿದ, ಐದು ಕಿಲೋಗ್ರಾಮಿಗೂ ಕಡಿಮೆ ತೂಗುವ ಬಾಲ್ಸಾ ವಿಮಾನ 2003ರ ಆಗಸ್ಟಿನಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದಿಂದ ಹೊರಟು, ಮೂವತ್ತೆಂಟು ಗಂಟೆಗಳಿಗೂ ಮಿಕ್ಕು ಹಾರಿ, ಸುಮಾರು ಮೂರು ಸಾವಿರ ಕಿಲೋಮೀಟರು ಅಟ್ಲಾಂಟಿಕ್ ಸಾಗರವನ್ನು ದಾಟಿ ಐರ್ಲೆಂಡಿನ ದಡಕ್ಕೆ ಬಂದಿತು. ಸಾಗರದ ನಡುವೆ ಅದನ್ನು ನಡೆಸಿದ್ದು ಉಪಗ್ರಹಗಳಿಂದ ದಾರಿ ತಿಳಿಯುವ ಪುಟ್ಟ ಯಂತ್ರ. ದಡದಲ್ಲಿ ಕಾದಿದ್ದ ಗೆಳೆಯರು ಅದನ್ನು ರೇಡಿಯೋದಿಂದ ಕೈಗೆ ತೆಗೆದುಕೊಂಡು ಇಳಿಸಿದರು. ಆಗ ಹಿಲ್ಲನಿಗೆ ಎಪ್ಪತ್ತೇಳು ವರ್ಷ. ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಕಿವಿಯೂ ಮಂದವಾಗಿತ್ತು. “ನನಗೆ ಕಿವಿಯಾದರೂ ಚೆನ್ನಾಗಿದೆಯಲ್ಲ” ಎಂದು ಮಾವನವರು ಕಥೆಯನ್ನು ಮುಗಿಸುತ್ತಿದ್ದರು. ಆ ಮಾತಿನ ಅರ್ಥ ನನಗೆ ತಿಳಿದದ್ದು ತಡವಾಗಿ.

ಎಡ ಬಲಗಳ ಗೊಂದಲ

ಮೊದಲ ಪಾಠ ನಡೆದದ್ದು ಅಗ್ಗದ ಥರ್ಮೋಕೋಲಿನ ವಿಮಾನದಲ್ಲಿ. ಅದಕ್ಕೆ ಬ್ಯಾಟರಿಯ ಮೋಟಾರು. ಮುರಿದರೆ ಗೋಂದಿನಲ್ಲಿ ಅಂಟಿಸಬಹುದು. ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರಿನಲ್ಲಿ ಎರಡು ಕಡ್ಡಿಗಳು. ಎಡಗಡ್ಡಿಯನ್ನು ಮೇಲೆ ಕೆಳಗೆ ಆಡಿಸಿದರೆ ಮೋಟಾರಿನ ವೇಗ, ಪಕ್ಕಕ್ಕೆ ಆಡಿಸಿದರೆ ಬಾಲದ ಚುಕ್ಕಾಣಿ. ಬಲಗಡ್ಡಿಯನ್ನು ಹಿಂದಕ್ಕೆಳೆದರೆ ಮೂಗು ಮೇಲೇಳುತ್ತದೆ, ಪಕ್ಕಕ್ಕೆ ಆಡಿಸಿದರೆ ರೆಕ್ಕೆ ವಾಲುತ್ತದೆ. ಇಷ್ಟೇ ವ್ಯಾಕರಣ. ನನ್ನ ಟ್ರಾನ್ಸ್‌ಮಿಟರಿನಿಂದ ವಿದ್ಯಾರ್ಥಿಯ ಟ್ರಾನ್ಸ್‌ಮಿಟರಿಗೆ ಒಂದು ವಯರು. ಅವನು ಒಂದು ಗುಂಡಿಯನ್ನು ಒತ್ತಿ ಹಿಡಿದಿರುವವರೆಗೆ ವಿಮಾನ ನನ್ನದು, ಬಿಟ್ಟೊಡನೆ ಅವನದು. ತರಗತಿಯಲ್ಲಿ ಇಂಥ ಏರ್ಪಾಟಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ಇಲ್ಲಿ ಮಾತ್ರ ಗುಂಡಿ ವಿದ್ಯಾರ್ಥಿಯ ಕೈಯಲ್ಲಿತ್ತು.

ಮೇಲೇರಿಸುವುದು ಅಷ್ಟು ಕಷ್ಟವಲ್ಲ ಎನ್ನುತ್ತಾರೆ. ಆದರೆ ಮೊದಲ ಮೂರು ಬಾರಿಯೂ ನನ್ನ ವಿಮಾನ ಓಡುದಾರಿಯನ್ನು ಬಿಟ್ಟು ಎಡಕ್ಕೆ ಹೊರಳಿ ಪೊದೆ ಹೊಕ್ಕಿತು. ದೋಷ ದಾರಿಯದಲ್ಲ. ಪ್ರೊಪೆಲರು ಬಲಕ್ಕೆ ತಿರುಗುವಾಗ ವಿಮಾನದ ಮೈ ಎಡಕ್ಕೆ ಎಳೆಯುತ್ತದೆ. ಅದರಿಂದ ಹಿಂದಕ್ಕೆ ನುಗ್ಗುವ ಗಾಳಿಯ ಸುರುಳಿಯೂ ಬಾಲವನ್ನು ತಳ್ಳಿ ಮೂಗನ್ನು ಎಡಕ್ಕೇ ತಿರುಗಿಸುತ್ತದೆ. ಆದ್ದರಿಂದ ವೇಗವನ್ನು ಮೆಲ್ಲನೆ ಏರಿಸುತ್ತ, ಚುಕ್ಕಾಣಿಯನ್ನು ತುಸು ಬಲಕ್ಕೆ ಹಿಡಿದು ಓಡಿಸಬೇಕು. ನಾಲ್ಕನೆಯ ಬಾರಿ ಅದು ನೇರವಾಗಿ ಓಡಿತು. ಓಡುತ್ತಿದ್ದುದನ್ನು ನೋಡಿದ ಸಂತೋಷಕ್ಕೆ ನಾನು ಕಡ್ಡಿಯನ್ನು ಪೂರಾ ಹಿಂದಕ್ಕೆಳೆದೆ. ವಿಮಾನ ಕಂಬದಂತೆ ನೆಟ್ಟಗೆದ್ದು, ಆಕಾಶದಲ್ಲಿ ಕ್ಷಣಕಾಲ ನಿಂತು, ಏನೋ ಮರೆತವರಂತೆ ತಲೆ ಬಾಗಿಸಿ ಕೆಳಗೆ ಬಂದಿತು. ಹುಡುಗ ಗುಂಡಿ ಬಿಟ್ಟು ಹಿಡಿಯದಿದ್ದರೆ ಅಂದೇ ಅದರ ಕಥೆ ಮುಗಿಯುತ್ತಿತ್ತು.

“ಸರ್, ವೇಗ ಕೂಡುವವರೆಗೆ ಕಾಯಬೇಕು. ಆಮೇಲೆ ಬೆರಳ ತುದಿಯಷ್ಟು ಎಳೆದರೆ ಸಾಕು” ಎಂದ.

“ಲಘುವಿಗೆ ಲಘು, ಗುರುವಿಗೆ ಗುರು” ಎಂದೆ ನಾನು. ಅವನಿಗೆ ಅರ್ಥವಾಗಲಿಲ್ಲ. ಆದರೆ ನನಗೆ ಅರ್ಥವಾಗಿತ್ತು.

ನಿಜವಾದ ಕಷ್ಟ ಬೇರೆಯದೇ. ವಿಮಾನ ನಮ್ಮಿಂದ ದೂರ ಹೋಗುತ್ತಿರುವಾಗ ಅದರ ಬಲ ನಮ್ಮ ಬಲವೇ. ಅದು ತಿರುಗಿ ನಮ್ಮ ಕಡೆಗೆ ಬರತೊಡಗಿದೊಡನೆ ಅದರ ಬಲ ನಮ್ಮ ಎಡವಾಗುತ್ತದೆ. ರೆಕ್ಕೆ ನನ್ನ ಎಡಕ್ಕೆ ವಾಲಿದ್ದನ್ನು ಕಂಡು ಸರಿಪಡಿಸಲೆಂದು ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಅದು ಇನ್ನಷ್ಟು ವಾಲುತ್ತದೆ. ಗಾಬರಿಯಿಂದ ಇನ್ನಷ್ಟು ಒತ್ತಿದರೆ ಮಗುಚಿಯೇ ಹೋಗುತ್ತದೆ. ಥರ್ಮೋಕೋಲಿನ ಆ ಬಡಪಾಯಿ ಹೀಗೆ ಎರಡು ಬಾರಿ ಕೆಸರಿಗೂ ಒಂದು ಬಾರಿ ಹುಣಸೆಮರಕ್ಕೂ ಬಿದ್ದಿತು. ಮರದಿಂದ ಇಳಿಸಿಕೊಟ್ಟ ಹುಡುಗರು ಕೂಲಿಯಾಗಿ ಒಂದು ಸುತ್ತು ಹಾರಿಸಲು ಕೇಳಿದರು. ವಯರಿನ ಭದ್ರತೆಯಲ್ಲಿ ಅವರಲ್ಲೊಬ್ಬ ನನಗಿಂತ ಚೆನ್ನಾಗಿ ಹಾರಿಸಿದ.

ಇದಕ್ಕೆ ಮಾವನವರು ಕೊಟ್ಟ ಉಪಾಯ ಸರಳವಾದದ್ದು. “ನಿಮ್ಮ ಕಡೆ ಬರುವಾಗ ಯಾವ ರೆಕ್ಕೆ ಕೆಳಗೆ ಬಿದ್ದಿದೆಯೋ, ಕಡ್ಡಿಯನ್ನು ಆ ಕಡೆಗೇ ಒತ್ತಿ. ಬೀಳುವ ಗೋಡೆಗೆ ಊರುಗೋಲು ಕೊಡುವುದಿಲ್ಲವೇ, ಹಾಗೆ.” ಅದರ ಮೇಲೆ ಮತ್ತೊಂದು ಮಾತು ಸೇರಿಸಿದರು: “ಕೊನೆಗೆ ಉಪಾಯವೂ ಬೇಡ. ನೀವು ನೆಲದ ಮೇಲೆ ನಿಂತಿದ್ದೀರಿ ಎಂಬುದನ್ನು ಮರೆಯಿರಿ. ಅದರೊಳಗೆ ಕೂತು ನೋಡಿ.” ಹತ್ತು ವರ್ಷ ಪಾಠ ಹೇಳಿ, ಎದುರಿಗೆ ಕುಳಿತವರ ಎಡ ಬಲಗಳನ್ನು ನಾನು ಎಷ್ಟು ಬಾರಿ ಯೋಚಿಸಿದ್ದೆನೋ ಎಂಬ ಶಂಕೆ ಆ ದಿನ ನನ್ನನ್ನು ಮನೆಯವರೆಗೂ ಹಿಂಬಾಲಿಸಿತು.

ಇಳಿಯಗೊಡದ ವಿದ್ಯೆ

ಫೆಬ್ರವರಿಯ ಕೊನೆಗೆ ಇಳಿಸುವ ಪಾಠ ಆರಂಭವಾಯಿತು. ಓಡುದಾರಿಗೆ ಸಮನಾಗಿ, ಏರಿಯ ಪಕ್ಕದಲ್ಲಿ, ಗಾಳಿಯ ಜೊತೆಗೆ ಪಶ್ಚಿಮಕ್ಕೆ ಹೋಗಬೇಕು. ತೂಬಿನ ಕಂಬಗಳು ಹಿಂದೆ ಬಿದ್ದ ಮೇಲೆ ವೇಗವನ್ನು ಇಳಿಸಬೇಕು. ಹುಣಸೆಮರಕ್ಕೆ ಮುಂಚೆ ಎಡಕ್ಕೆ ಒಂದು ತಿರುವು, ಮತ್ತೆ ಎಡಕ್ಕೆ ಇನ್ನೊಂದು ತಿರುವು. ಈಗ ಓಡುದಾರಿ ಎದುರಿಗೆ, ಗಾಳಿ ಮುಖಕ್ಕೆ. ಇಲ್ಲಿಂದ ಮುಂದೆ ಬುದ್ಧಿಗೆ ವಿರುದ್ಧವಾದ ನಿಯಮವೊಂದಿದೆ. ಎತ್ತರ ಸಾಲದೆಂದು ಮೂಗೆತ್ತಿದರೆ ವಿಮಾನ ಏರುವುದಿಲ್ಲ. ವೇಗ ಕಳೆದುಕೊಂಡು ಬೀಳುತ್ತದೆ. ಎತ್ತರ ಬೇಕಾದರೆ ಎಂಜಿನಿಗೆ ಹೇಳಬೇಕು, ವೇಗ ಬೇಕಾದರೆ ಮೂಗಿಗೆ ಹೇಳಬೇಕು. ನೆಲ ಹತ್ತಿರವಾದಂತೆ ಮೂಗೆತ್ತಿ ರಕ್ಷಿಸಿಕೊಳ್ಳೋಣವೆಂಬ ಆಸೆಯನ್ನು ಗೆಲ್ಲುವುದೇ ಇಳಿಯುವ ವಿದ್ಯೆಯ ಅರ್ಧ.

ಉಳಿದರ್ಧ ಕೊನೆಯ ಒಂದು ಅಡಿಯಲ್ಲಿದೆ. “ನೆಲಕ್ಕೆ ಅಡಿಯಷ್ಟು ಇರುವಾಗ ವಿಮಾನವನ್ನು ಇಳಿಯಗೊಡಬೇಡಿ” ಎಂದು ಮಾವನವರು ಹೇಳಿದಾಗ ನಾನು ಬೆರಗಾದೆ. “ಕಡ್ಡಿಯನ್ನು ಇಷ್ಟಿಷ್ಟೇ ಎಳೆಯುತ್ತ ತಡೆಯಿರಿ. ತಡೆದಷ್ಟೂ ವೇಗ ಸೋರಿಹೋಗುತ್ತದೆ. ಇನ್ನು ನನ್ನಿಂದಾಗದು ಎಂದು ಅದೇ ಕೂತುಕೊಳ್ಳುತ್ತದೆ. ಅದಾಗಿಯೇ ಕೂತರೆ ಚಕ್ರ ಉಳಿಯುತ್ತದೆ. ನೀವು ಕೂರಿಸಹೋದರೆ ಕುಪ್ಪಳಿಸುತ್ತದೆ.”

ಮಾರ್ಚ್ ತಿಂಗಳೆಲ್ಲ ಕುಪ್ಪಳಿಸಿದ್ದಾಯಿತು. ಗುಂಡಿಯ ವಯರನ್ನು ಬಿಚ್ಚಿದ್ದಾಯಿತು. ಇಳಿಸಿದ ಹತ್ತರಲ್ಲಿ ಎಂಟು ಸರಿಯಾಗತೊಡಗಿದವು. ಯುಗಾದಿಗೆ ಮುಂಚಿನ ಭಾನುವಾರ ಮಾವನವರು ಕಾರಿಗೆ ಹತ್ತುವಾಗ ದುಪ್ಪಟಿಯಲ್ಲಿ ಸುತ್ತಿದ್ದ ಬೇರೊಂದು ಗಂಟನ್ನು ತಾವೇ ಎದೆಗವಚಿಕೊಂಡು ಬಂದರು. ಯಾರೂ ಏನೂ ಕೇಳಲಿಲ್ಲ.

ಹರಳೆಣ್ಣೆಯ ವಾಸನೆ

ಅಂದು ಕೋಲಾರದ ಹೊಂಗೆಮರಗಳೆಲ್ಲ ಹೊಸ ಚಿಗುರಿನಲ್ಲಿದ್ದವು. ಕೆರೆಯಂಗಳದಲ್ಲಿ ಗಾಳಿ ಬಟ್ಟೆಯ ಅಂಚನ್ನು ಅಲುಗಿಸುವಷ್ಟು ಮಾತ್ರ. ರೆಕ್ಕೆಯನ್ನು ರಬ್ಬರ್ ಪಟ್ಟಿಗಳಿಂದ ಬಿಗಿದು, ತೂಕದ ನಡುತಾಣ ರೆಕ್ಕೆಯ ಮುಂಗಾಲುಭಾಗದಲ್ಲಿಯೇ ಇದೆಯೆಂದು ಎರಡು ಬೆರಳುಗಳ ಮೇಲೆ ತೂಗಿ ನೋಡಿ, ಮೊದಲು ಟ್ರಾನ್ಸ್‌ಮಿಟರನ್ನೂ ಆಮೇಲೆ ವಿಮಾನದ ರಿಸೀವರನ್ನೂ ಹಾಕಿ, ಒಂದೊಂದು ಪಟ್ಟಿಯೂ ಸರಿಯಾದ ದಿಕ್ಕಿಗೆ ಅಲುಗುವುದನ್ನು ಹುಡುಗ ಗಟ್ಟಿಯಾಗಿ ಹೇಳುತ್ತ ಪರೀಕ್ಷಿಸಿದ. ಎಂಜಿನ್ನಿಗೆ ಬೇಕಾದ ಇಂಧನ ಮಿಥನಾಲ್ ಮತ್ತು ಹರಳೆಣ್ಣೆಯ ಮಿಶ್ರಣ, ಜೊತೆಗೆ ಸ್ವಲ್ಪ ನೈಟ್ರೋಮೀಥೇನ್. ಎಂಜಿನ್ ಹತ್ತಿಕೊಂಡು ಹೊಗೆ ಬಂದೊಡನೆ ಸುತ್ತ ನೆರೆದ ಹುಡುಗರಲ್ಲೊಬ್ಬ ಮೂಗರಳಿಸಿ, “ಅಜ್ಜಿ ತಲೆಗೆ ಹಚ್ಚೋ ಎಣ್ಣೆ!” ಎಂದು ಕೂಗಿದ. ಬೆಂದ ಹರಳೆಣ್ಣೆಯ ಆ ವಾಸನೆಯಲ್ಲಿ ನನಗೂ ಶನಿವಾರದ ಎಣ್ಣೆನೀರಿನ ನೆನಪು ಬಂದಿತು. ಕೈಗಳು ನಡುಗುತ್ತಿದ್ದವು.

ಮಾವನವರು ನನ್ನ ಎಡಕ್ಕೆ, ಒಂದು ಹೆಜ್ಜೆ ಹಿಂದೆ ನಿಂತರು. ಅವರು ಆಕಾಶದ ಕಡೆಗೆ ಮುಖವನ್ನೇ ಎತ್ತಲಿಲ್ಲ. ತಲೆ ಬಾಗಿಸಿ ನೆಲ ನೋಡುತ್ತಿದ್ದರು. ವಿಮಾನ ಓಡಿತು, ಹಗುರವಾಯಿತು, ಎದ್ದಿತು.

“ಮೂಗು ಹೆಚ್ಚಾಯಿತು” ಎಂದರು ಮಾವನವರು. ನಾನು ನೋಡಿದೆ, ನಿಜ. ಇಳಿಸಿದೆ. “ಈಗ ಸರಿ. ತಿರುಗಿಸಿದಿರಲ್ಲವೇ? ನಮ್ಮ ಕಡೆ ಬರುತ್ತಿದೆ.”

ಆಗ ನನಗೆ ಅವರ ಕಿವಿಯ ಮಾತಿನ ಅರ್ಥ ಹೊಳೆಯಿತು. ಮೂಗು ಎತ್ತಿದರೆ ಎಂಜಿನಿಗೆ ಹೊರೆ ಬಿದ್ದು ಸ್ವರ ಇಳಿಯುತ್ತದೆ, ತಗ್ಗಿಸಿದರೆ ಏರುತ್ತದೆ. ಹತ್ತಿರ ಬರುವಾಗ ಸ್ವರಕ್ಕೆ ಮೊನೆ. ದೂರ ಹೋಗುವಾಗ ಅದು ಮೊಂಡಾಗುತ್ತದೆ. ತಾವು ಕಟ್ಟಿದ ವಿಮಾನವನ್ನು ಅವರು ಶ್ರುತಿಯಿಂದಲೇ ಕಾಣುತ್ತಿದ್ದರು. ಮೂರು ಸುತ್ತು ಹಾಕಿದೆವು. “ಹಾಕಿದೆವು” ಎಂದೇ ಹೇಳಬೇಕು. ಕಣ್ಣು ನನ್ನದು, ಕಿವಿ ಅವರದು.

ನಾಲ್ಕನೆಯ ಸುತ್ತಿನಲ್ಲಿ, ಇಳಿಸಲೆಂದು ತೂಬಿನ ಕಂಬಗಳನ್ನು ದಾಟಿ ವೇಗ ತಗ್ಗಿಸಿದೆ. ಎಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು.

ಅಂಥ ನಿಶ್ಶಬ್ದವನ್ನು ನಾನು ಮತ್ತೆಲ್ಲಿಯೂ ಕೇಳಿಲ್ಲ. ಏರಿಯ ಮೇಲಿನ ಎಮ್ಮೆಯ ಗಂಟೆ ಕೇಳಿಸಿತು. ಪಕ್ಕಕ್ಕೆ ತಿರುಗಿ ನೋಡಲು ಬಿಡುವಿರಲಿಲ್ಲ. ಆದರೆ ಮಾವನವರ ಉಸಿರು ನಿಂತದ್ದು ತಿಳಿಯಿತು. ಈಗ ಅವರಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಅವರು ಏನಾದರೂ ಹೇಳಿಯಾರೆಂದು ಕಾದೆ. ಅವರು ಹೇಳಲಿಲ್ಲ.

ಎತ್ತರ ಅರವತ್ತು ಅಡಿಯಿದ್ದೀತು. ಮೂಗೆತ್ತಿ ಎಳೆಯಬೇಕೆಂದು ಬೆರಳು ಬೇಡುತ್ತಿತ್ತು. ಎಳೆಯಲಿಲ್ಲ. ಮೂಗನ್ನು ತುಸು ತಗ್ಗಿಸಿಯೇ ಹಿಡಿದು, ಹುಣಸೆಮರದವರೆಗೆ ಹೋಗದೆ ಅಲ್ಲಿಂದಲೇ ಎಡಕ್ಕೆ ತಿರುಗಿಸಿದೆ. ವಿಮಾನ ನನ್ನ ಕಡೆಗೆ ಬರತೊಡಗಿತು. ಒಂದು ರೆಕ್ಕೆ ವಾಲಿತು. ಕಡ್ಡಿ ತಾನಾಗಿ ಆ ಕಡೆಗೇ ಹೋಯಿತು. ಊರುಗೋಲಿನ ಉಪಾಯವನ್ನು ನಾನು ನೆನೆಯಲೇ ಇಲ್ಲ. ಇನ್ನೊಂದು ತಿರುವು. ನೆಲ. ಅಡಿಯಷ್ಟು ಎತ್ತರದಲ್ಲಿ ತಡೆದೆ, ತಡೆದೆ, ಮತ್ತೂ ತಡೆದೆ. ಅದು ಕೂತಿತು. ಒಣಮಣ್ಣಿನ ಮೇಲೆ ಚಕ್ರಗಳು ಗರಗರನೆ ಉರುಳುವ ಸದ್ದು ಕೇಳಿಸಿತು.

ಆ ಸದ್ದು ಕೇಳಿದ ಮೇಲೆ ಮಾವನವರು ಮುಖವೆತ್ತಿದರು.

“ಎಷ್ಟು ದೂರದಲ್ಲಿದೆ?”

“ಇಪ್ಪತ್ತು ಹೆಜ್ಜೆ.”

ಅವರೇ ನಡೆದು ಹೋದರು. ನೇರವಾಗಿ ನೋಡಿದರೆ ಕಾಣದಾದ್ದರಿಂದ ಮುಖವನ್ನು ಓರೆಯಾಗಿ ಹಿಡಿದು, ಬೇರೆಲ್ಲಿಗೋ ಹೋಗುವವರಂತೆ ನಡೆದು, ಸರಿಯಾಗಿ ವಿಮಾನದ ಬಳಿಯಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತರು. ಹೆಬ್ಬೆರಳನ್ನು ರೆಕ್ಕೆಯ ಅಂಚಿನ ಉದ್ದಕ್ಕೂ ಎಳೆದರು, ಎಡದಿಂದ ಬಲಕ್ಕೆ. ಬೆರಳಿಗೆ ಹರಳೆಣ್ಣೆ ಹತ್ತಿತು. ಪಂಚೆಗೆ ಒರೆಸಿಕೊಂಡರು. ಎಂಜಿನ್ ನಿಂತದ್ದೇಕೆಂದು ಹುಡುಗನೊಡನೆ ಚರ್ಚೆಗೆ ತೊಡಗಿದರು.

ಕರಾರಿನಂತೆ

ಆ ವರ್ಷದ ಮಳೆಗಾಲ ಒಳ್ಳೆಯದಾಯಿತು. ಅಕ್ಟೋಬರಿನಲ್ಲಿ ಒಂದು ದಿನ ಕೋಲಾರದ ಕಡೆಯಿಂದ ಫೋನು ಬಂದಿತು: “ಸ್ವಾಮಿ, ಕೆರೆ ನಮ್ದಾಯ್ತು.” ಮುಂದಿನ ಭಾನುವಾರ 

ಬರಿಗೈಯಲ್ಲಿ ಹೋದೆವು. ನಾವು ಗುಡಿಸಿದ ದಾರಿಯ ಮೇಲೆ ಆಳೆತ್ತರದ ನೀರು. ತೂಬಿನ ಕಂಬಗಳ ತಲೆ ಮಾತ್ರ ಕಾಣುತ್ತಿತ್ತು. ಒಂದರ ಮೇಲೆ ಬೆಳ್ಳಕ್ಕಿ. ಹುಣಸೆಮರ ಮೊಣಕಾಲುದ್ದ ನೀರಿನಲ್ಲಿ ನಿಂತಿತ್ತು. ಊರಿನವರು ಏರಿಯ ಮೇಲೆ ಗಂಗಮ್ಮನಿಗೆ ಪೂಜೆ ಮಾಡಿ ನಮಗೂ ಪ್ರಸಾದ ಕೊಟ್ಟರು. ಅವರ ಮುಖಗಳಲ್ಲಿದ್ದ ಗೆಲುವನ್ನು ಕಂಡು, ಜಾಗ ಹೋಯಿತೆಂದು ಬೇಸರಪಡಲು ನಾಚಿಕೆಯಾಯಿತು. ಆದರೂ ಸ್ವಲ್ಪ ಬೇಸರವಾಯಿತು, ಸುಳ್ಳು ಹೇಳಲಾರೆ.

ಮಾವನವರು ಏರಿಯ ಕಲ್ಲಿನ ಮೇಲೆ ಕುಳಿತು ಬಹಳ ಹೊತ್ತು ನೀರಿನ ಸದ್ದನ್ನು ಕೇಳುತ್ತಿದ್ದರು.

“ಅಲೆ ಎಷ್ಟಿದೆ, ಮೇಷ್ಟ್ರೇ?”

“ಹೆಚ್ಚಿಲ್ಲ. ಗೇಣಿಗೂ ಕಡಿಮೆ.”

“ಬೆಳಿಗ್ಗೆ ಇನ್ನೂ ಕಡಿಮೆ ಇರುತ್ತದೆ. ನೀರಿನ ಮೇಲಿಂದಲೂ ಏಳಬಹುದು. ಚಕ್ರ ತೆಗೆದು ಎರಡು ತೇಲುದೋಣಿ ಕಟ್ಟಬೇಕು, ಅಷ್ಟೆ.”

ಆ ದೋಣಿಗಳ ಕೆಲಸ ಈಗ ನಮ್ಮ ಅಡಿಗೆಕೋಣೆಯ ಮೇಜಿನ ಮೇಲೆ ನಡೆದಿದೆ. ವಿಮಾನದ ಮೈಯುದ್ದದ ಮುಕ್ಕಾಲು ಪಾಲಿಗಿಂತ ಅವು ಗಿಡ್ಡವಾಗಕೂಡದಂತೆ. ಥರ್ಮೋಕೋಲನ್ನು ಕೊರೆಯುವವನು ನಾನು, ಉಜ್ಜುವವರು ಅವರು. ನೆನ್ನೆ ರಾತ್ರಿ ಹೆಬ್ಬೆರಳನ್ನು ಅದರ ಮೇಲೆ ಎಳೆದು, ಇಲ್ಲಿ ಕೂದಲೆಳೆಯಷ್ಟು ಉಬ್ಬಿದೆ ಎಂದರು. ನಾನೂ ಕಣ್ಣುಮುಚ್ಚಿ ಬೆರಳೆಳೆದು ನೋಡಿದೆ. ಉಬ್ಬು ಇತ್ತು.